ಸಿಸೇರಿಯನ್ ಮೇಜಿನ ಮೇಲೆ ಮೈ ನಡುಗಿದರೆ

ನಿಮ್ಮ ಸೊಸೆಗೋ ಮಗಳಿಗೋ ಸಿಸೇರಿಯನ್ ಆಗಿದೆ ಎಂದಿಟ್ಟುಕೊಳ್ಳಿ. ಮಗು ಅತ್ತ ಸದ್ದು ಹೊರಗೆ ಕುಳಿತವರಿಗೂ ಕೇಳಿದೆ. ಎಲ್ಲರೂ ಅಲ್ಲಾಹನಿಗೆ ಸ್ತುತಿ ಹೇಳಿದ್ದೀರಿ, ಫೋನುಗಳು ಓಡಾಡಿವೆ. ಸ್ವಲ್ಪ ಹೊತ್ತಿನಲ್ಲಿ ಸ್ಟ್ರೆಚರ್ ಹೊರಗೆ ಬರುತ್ತದೆ. ನೋಡಿದರೆ ಬಾಣಂತಿಯ ಹಲ್ಲು ಕಟಕಟ ಎನ್ನುತ್ತಿವೆ, ಕೈಗಳು ಗಡಗಡ ನಡುಗುತ್ತಿವೆ, ಮಾತಾಡಲು ಹೋದರೆ ದವಡೆ ನಿಲ್ಲುತ್ತಿಲ್ಲ. ಆಗ ಸಂತೋಷವೆಲ್ಲ ಇಳಿದು ಹೋಗುತ್ತದೆ. “ಸಿಸ್ಟರ್, ಇಕಿಗಿ ಫಿಟ್ಸ್ ಬಂದಾವೇನ್ರೀ?” ಎಂದು ಒಬ್ಬರು ಕೇಳುತ್ತಾರೆ. ಬೆನ್ನಿಗೆ ಕೊಟ್ಟ ಸೂಜಿ ನರಕ್ಕೆ ತಾಗಿತೇ ಎಂದು ಇನ್ನೊಬ್ಬರಿಗೆ ಅನುಮಾನ. ನಜರ್ ಆಗಿದೆ ಎನ್ನುವವರೂ ಇರುತ್ತಾರೆ. ಸಿಸ್ಟರ್ ಓಡಾಟದಲ್ಲೇ “ಏನಾಗಲ್ಲ, ಕಡಿಮೆ ಆಗ್ತದ” ಎಂದು ಹೇಳಿ ಹೋಗಿಬಿಡುತ್ತಾರೆ. ಅವರು ಹೇಳಿದ್ದು ನಿಜ, ಆದರೆ ಅಷ್ಟು ಮಾತಿನಿಂದ ಯಾರಿಗೂ ಸಮಾಧಾನವಾಗುವುದಿಲ್ಲ.

ಈ ನಡುಕ ಅಪರೂಪದ ಸಂಗತಿಯಲ್ಲ. ಬೆನ್ನಿಗೆ ಸೂಜಿ ಕೊಟ್ಟು ಮಾಡುವ ಸಿಸೇರಿಯನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಅದು ಬರುತ್ತದೆ. ಕೆಲವರಿಗೆ ಭುಜ ಸ್ವಲ್ಪ ಅದುರಿ ನಿಲ್ಲುತ್ತದೆ, ಕೆಲವರಿಗೆ ಮಂಚವೇ ಅಲುಗುವಷ್ಟು ಬರುತ್ತದೆ. ಇನ್ನು ಸಿಸೇರಿಯನ್ ಈಗ ಯಾವ ಮನೆಗೂ ದೂರದ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ 31.5 ಸಿಸೇರಿಯನ್ ಆಗಿವೆ. ದೇಶದ ಸರಾಸರಿ 21.5. ಅಂದರೆ ನಮ್ಮಲ್ಲಿ ಮೂರು ಹೆರಿಗೆಗೆ ಒಂದರಂತೆ. ಬೀದರ್ ನಗರವಾಗಲಿ, ಭಾಲ್ಕಿಯಾಗಲಿ, ಔರಾದ್ ಆಗಲಿ, ಈ ನಡುಕವನ್ನು ನೀವು ಒಂದಲ್ಲ ಒಂದು ದಿನ ನೋಡುವವರೇ. ಆದ್ದರಿಂದ ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು: ಯಾವ ನಡುಕ ತಾನಾಗಿ ಹೋಗುತ್ತದೆ, ಯಾವ ನಡುಕಕ್ಕೆ ಓಡಬೇಕು, ಮತ್ತು ನಡುಕ ನಿಲ್ಲಿಸಲು ಹೋಗಿ ನಾವು ಏನನ್ನು ಮಾಡಬಾರದು.

ಸೊಂಟದ ಕೆಳಗೆ ಬೆಚ್ಚಗೆ, ಒಳಗೆ ತಣ್ಣಗೆ

ನಮ್ಮ ದೇಹದ ಒಳಭಾಗ, ಅಂದರೆ ಹೃದಯ, ಮಿದುಳು, ಹೊಟ್ಟೆ ಇರುವ ಭಾಗ, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. ಕೈಕಾಲು ಮತ್ತು ಚರ್ಮ ಅದಕ್ಕಿಂತ ತಂಪು. ಹೊರಗೆ ಥಂಡಿ ಇದ್ದರೆ ಕೈಕಾಲಿನ ಸಣ್ಣ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಬಿಸಿ ರಕ್ತ ಹೊರಗೆ ಹೆಚ್ಚು ಹರಿಯದೆ ಒಳಗೇ ಉಳಿಯುತ್ತದೆ. ಥಂಡಿಯಲ್ಲಿ ಬೆರಳು ತಣ್ಣಗಾಗಿ ಬಿಳುಚಿಕೊಳ್ಳುವುದು ಇದೇ ಕಾರಣಕ್ಕೆ.

ಬೆನ್ನಿನ ಕೆಳಭಾಗದಲ್ಲಿ ಕೊಡುವ ಸೂಜಿ, ಡಾಕ್ಟರರು ಸ್ಪೈನಲ್ ಎನ್ನುತ್ತಾರಲ್ಲ, ಅದು ಈ ಬಿಗಿತವನ್ನೇ ಸಡಿಲ ಮಾಡಿಬಿಡುತ್ತದೆ. ಬುಪಿವಕೇನ್ ಎಂಬ ಔಷಧಿ ಸುಮಾರು 2 ಮಿಲಿಲೀಟರ್‌ನಷ್ಟು, ಬಹಳ ತೆಳ್ಳನೆಯ ಸೂಜಿಯಿಂದ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರುತ್ತದೆ. ಎದೆಯಿಂದ ಕೆಳಗೆ ನೋವು ಗೊತ್ತಾಗುವುದಿಲ್ಲ, ಕಾಲು ಎತ್ತಲು ಬರುವುದಿಲ್ಲ. ಅದರ ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿಡುವ ನರಗಳೂ ಮಲಗುತ್ತವೆ. ಕಾಲಿನ ನಾಳಗಳೆಲ್ಲ ಅಗಲವಾಗುತ್ತವೆ. ಒಳಗಿದ್ದ ಬಿಸಿ ರಕ್ತ ಕಾಲಿಗೆ ಇಳಿಯುತ್ತದೆ, ಕಾಲಿನಲ್ಲಿದ್ದ ತಂಪು ರಕ್ತ ಒಳಗೆ ಬರುತ್ತದೆ. ಬಚ್ಚಲಿನ ಹಂಡೆಯಲ್ಲಿ ಕಾದ ನೀರಿಗೆ ಎರಡು ಕೊಡ ತಣ್ಣೀರು ಸುರಿದ ಹಾಗೆ. ಹಂಡೆಯಲ್ಲಿ ನೀರು ಕಡಿಮೆಯಾಗಿಲ್ಲ, ಆದರೆ ಕಾವು ಇಳಿದಿದೆ. ಮೊದಲ ಅರ್ಧ, ಒಂದು ಗಂಟೆಯೊಳಗೆ ದೇಹದ ಒಳಕಾವು ಅರ್ಧ ಡಿಗ್ರಿಯಿಂದ ಒಂದು ಡಿಗ್ರಿವರೆಗೆ ಇಳಿಯುವುದುಂಟು.

ಕಾವು ಇಳಿದಾಗ ಮಿದುಳು ಏನು ಮಾಡುತ್ತದೆ? ಸ್ನಾಯುಗಳನ್ನು ಅದುರಿಸಿ ಬಿಸಿ ಹುಟ್ಟಿಸುತ್ತದೆ. ಅದೇ ನಡುಕ. ಆದರೆ ಸೊಂಟದ ಕೆಳಗಿನ ಸ್ನಾಯುಗಳು ಔಷಧಿಯಿಂದ ಮಲಗಿವೆ, ಆಜ್ಞೆ ಕೊಟ್ಟರೂ ಕೇಳುವುದಿಲ್ಲ. ಹಾಗಾಗಿ ಇಡೀ ದೇಹದ ಕೆಲಸವನ್ನು ಭುಜ, ತೋಳು, ಕುತ್ತಿಗೆ, ದವಡೆಗಳೇ ಮಾಡಬೇಕಾಗುತ್ತದೆ. ಕಾಲು ಮರದ ದಿಮ್ಮಿಯಂತೆ ಬಿದ್ದಿರುವಾಗ ಮೇಲಿನ ಅರ್ಧ ಮಾತ್ರ ಗಡಗಡ ನಡುಗುವುದನ್ನು ನೋಡಿ ಮನೆಯವರು ಗಾಬರಿಯಾಗುವುದು ಸಹಜ. ಆದರೆ ಅದು ಸೂಜಿ ತಪ್ಪು ಜಾಗಕ್ಕೆ ಬಿದ್ದ ಲಕ್ಷಣವಲ್ಲ, ಅದು ಕೆಲಸ ಮಾಡುತ್ತಿರುವುದರ ಲಕ್ಷಣ.

ಇನ್ನೊಂದು ವಿಚಿತ್ರವೂ ಇದೆ. ಬಿಸಿ ರಕ್ತ ಕಾಲಿಗೆ ಇಳಿದದ್ದರಿಂದ ತಾಯಿಗೆ ಕಾಲು ಬೆಚ್ಚಗಾದಂತೆ ಅನಿಸಬಹುದು. ಮೈ ತಣ್ಣಗಾಗುತ್ತಿದ್ದರೂ “ನನಗೆ ಥಂಡಿ ಇಲ್ಲ, ಆದ್ರ ನಡುಗು ನಿಲ್ಲವಲ್ದು” ಎಂದು ಆಕೆ ಹೇಳಿದರೆ ಸುಳ್ಳು ಹೇಳುತ್ತಿದ್ದಾಳೆ ಅಂತಲ್ಲ, ಹೆದರಿ ಹೀಗೆ ಆಡುತ್ತಿದ್ದಾಳೆ ಅಂತಲೂ ಅಲ್ಲ. ಭಯ ನಡುಕವನ್ನು ಸ್ವಲ್ಪ ಹೆಚ್ಚಿಸಬಹುದು, ನಿಜ. ಆದರೆ ಧೈರ್ಯವಂತೆಯೂ ನಡುಗುತ್ತಾಳೆ. ಇಚ್ಛಾಶಕ್ತಿಯಿಂದ ಅದನ್ನು ನಿಲ್ಲಿಸಲು ಬರುವುದಿಲ್ಲ. ಎಷ್ಟೋ ಹೆಂಗಸರು ಆಮೇಲೆ ಇದನ್ನು ನೆನೆಸಿಕೊಂಡು ನಾಚಿಕೊಳ್ಳುತ್ತಾರೆ. ನಾಚಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ.

ಥಿಯೇಟರಿನ ವಾತಾವರಣ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಮೈಮೇಲೆ ತೆಳು ಗೌನು. ಹೊಟ್ಟೆಯ ಮೇಲೆ ಹಚ್ಚುವ ಕಂದು ಔಷಧಿ ಆರುವಾಗ ಕಾವನ್ನು ಎಳೆದುಕೊಳ್ಳುತ್ತದೆ. ಎರಡೆರಡು ಗೌನು ತೊಟ್ಟು ದೀಪದ ಕೆಳಗೆ ನಿಂತ ಡಾಕ್ಟರರಿಗೆ ಹಿತವಾಗುವ ಏಸಿ ಮಲಗಿದವಳಿಗೆ ಕೊರೆಯುತ್ತದೆ. ಕೋಣೆಯ ಕಾವಿನಲ್ಲಿರುವ ಒಂದು ಲೀಟರ್ ಡ್ರಿಪ್ ಮೈಗೆ ಹೋದರೆ ದೇಹದ ಕಾವು ಸುಮಾರು ಕಾಲು ಡಿಗ್ರಿ ಇಳಿಯುತ್ತದೆ. ಸಿಸೇರಿಯನ್‌ನಲ್ಲಿ ರಕ್ತದೊತ್ತಡ ಬೀಳದಂತೆ ಒಂದಕ್ಕಿಂತ ಹೆಚ್ಚು ಬಾಟಲಿ ಹೋಗುವುದು ಸಾಮಾನ್ಯ. ಹೆರಿಗೆಯ ನಂತರ ರಕ್ತಸ್ರಾವ ತಡೆಯಲು ಕೊಡುವ ಮಿಸೊಪ್ರೊಸ್ಟಾಲ್ ಗುಳಿಗೆಯಿಂದಲೂ ನಡುಕ ಬರುತ್ತದೆ, ಕೆಲವು ಹೊತ್ತು ಜ್ವರವೂ ಬರಬಹುದು. ಸಿಸೇರಿಯನ್ ಇಲ್ಲದೆ ಸಹಜವಾಗಿ ಹೆತ್ತವರೂ ಮಗು ಹುಟ್ಟಿದ ಕೂಡಲೇ ನಡುಗುವುದನ್ನು ನಮ್ಮ ಹಿರಿಯ ಹೆಂಗಸರು ಕಂಡೇ ಇರುತ್ತಾರೆ.

ಬೀದರಿನ ಥಂಡಿ ಮತ್ತು 40 ಕಿಲೋಮೀಟರ್ ದಾರಿ

ಬೀದರ್ ನಗರ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಬಯಲಿನ ಮೇಲಿದೆ. ಬೇಸಿಗೆಯಲ್ಲಿ ಸುಡುವ ಊರು ಡಿಸೆಂಬರ್, ಜನವರಿಯಲ್ಲಿ ಕೊರೆಯುತ್ತದೆ. 1901ರ ಜನವರಿ 5ರಂದು ಇಲ್ಲಿ 2.9 ಡಿಗ್ರಿ ದಾಖಲಾಗಿದೆ. ಈಗಲೂ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿ ಬಂದಾಗ ಬೀದರಿನ ಹೆಸರು ಅದರಲ್ಲಿ ಇರುವುದು ಹೊಸದೇನಲ್ಲ.

ಭಾಲ್ಕಿಯಿಂದಲೂ ಔರಾದಿನಿಂದಲೂ ಜಿಲ್ಲಾ ಕೇಂದ್ರ ಸುಮಾರು 40 ಕಿಲೋಮೀಟರ್. ಎರಡೂ ಕಡೆ ತಾಲೂಕು ಆಸ್ಪತ್ರೆ ಇದೆ. ಆದರೆ ಆ ಹೊತ್ತಿಗೆ ಅರಿವಳಿಕೆ ಡಾಕ್ಟರರು ಸಿಗದಿದ್ದರೆ, ಬಿಪಿ ಏರಿದ್ದರೆ, ರಕ್ತ ಬೇಕಾಗಬಹುದು ಅನಿಸಿದರೆ ಬೀದರಿನ ಬ್ರಿಮ್ಸ್ ಆಸ್ಪತ್ರೆಗೆ ಬರೆದುಕೊಡುತ್ತಾರೆ. ನಡುರಾತ್ರಿ ನೀರು ಒಡೆದು ಸೀರೆಯೋ ಸಲ್ವಾರೋ ಒದ್ದೆಯಾಗಿರುತ್ತದೆ. ಅದೇ ಬಟ್ಟೆಯಲ್ಲಿ ಮೇಲೊಂದು ಬುರ್ಖಾ ಹಾಕಿ, ಗಾಡಿಯಲ್ಲಿ ಕೂರಿಸಿ ಕರೆತರುತ್ತೇವೆ. ಒದ್ದೆ ಬಟ್ಟೆ ಒಣ ಬಟ್ಟೆಗಿಂತ ಎಷ್ಟೋ ಪಟ್ಟು ಬೇಗ ಕಾವನ್ನು ಎಳೆಯುತ್ತದೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈಕಾಲು ಹಿಮವಾಗಿರುತ್ತವೆ. ಮೇಲೆ ಹೇಳಿದ ಹಂಡೆಯ ಲೆಕ್ಕ ನೆನಪಿಸಿಕೊಳ್ಳಿ: ಕಾಲು ಹೆಚ್ಚು ತಣ್ಣಗಿದ್ದಷ್ಟೂ ಸೂಜಿಯ ನಂತರ ಒಳಗೆ ಬೆರೆಯುವ ತಣ್ಣೀರು ಹೆಚ್ಚು.

ಇದು ನಮ್ಮ ಕೈಯಲ್ಲಿರುವ ಕೆಲಸ, ಡಾಕ್ಟರರದ್ದಲ್ಲ. ಹೆರಿಗೆಯ ತಿಂಗಳು ಬಂದಾಗ ಕಟ್ಟಿಡುವ ಚೀಲದಲ್ಲಿ ತಾಯಿ ಕಾರ್ಡು, ಸ್ಕ್ಯಾನ್ ರಿಪೋರ್ಟು, ಮಗುವಿನ ಬಟ್ಟೆಯ ಜೊತೆ ಒಂದು ಜೊತೆ ಒಣ ಬಟ್ಟೆ, ಉಣ್ಣೆಯ ಕಾಲುಚೀಲ, ಶಾಲು, ಮುಂದೆ ಗುಂಡಿ ಇರುವ ಸ್ವೆಟರ್ ಇರಲಿ. ತಲೆಯಿಂದ ಎಳೆದು ಹಾಕುವ ಸ್ವೆಟರ್ ಬೇಡ, ಡ್ರಿಪ್ ಹಾಕಿದ ಕೈಯಲ್ಲಿ ಅದು ಹೋಗುವುದಿಲ್ಲ. ಗಾಡಿ ಹತ್ತುವ ಮೊದಲೇ ಒದ್ದೆ ಬಟ್ಟೆ ಬದಲಿಸಿ. ತಲೆ, ಕಿವಿ, ಪಾದ ಮುಚ್ಚಿ. 108ರ ಗಾಡಿಯಲ್ಲಿ ಹಾಸಿಗೆ ಇರುತ್ತದೆ, ಕಂಬಳಿ ನೀವೇ ಒಯ್ಯುವುದು ಒಳ್ಳೆಯದು. ಥಿಯೇಟರಿನ ಬಾಗಿಲವರೆಗೂ ಅವಳ ಮೈಮೇಲೆ ಹೊದಿಕೆ ಇರಲಿ. ಬೇಸಿಗೆಯಾದರೂ ಇದನ್ನು ಬಿಡಬೇಡಿ. ಮೇ ತಿಂಗಳ ಬಿಸಿಲಿನಲ್ಲಿ ಹೊರಗೆ ಬೆವರುವಾಗಲೂ ಒಳಗಿನ ಏಸಿ ಅಷ್ಟೇ ಇರುತ್ತದೆ.

ಪರದೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಹೊರಗಿನ ಬಟ್ಟೆಯಲ್ಲಿ ಸೋಂಕು ಬರಬಹುದೆಂದು ಬುರ್ಖಾ, ದುಪಟ್ಟಾ ಥಿಯೇಟರಿನೊಳಗೆ ಬಿಡುವುದಿಲ್ಲ. ಅದು ಸರಿಯಾದ ನಿಯಮ. ಆದರೆ ಕೂದಲು ಪೂರ್ತಿ ಮುಚ್ಚುವ ಥಿಯೇಟರ್ ಟೋಪಿ ಕೇಳಬಹುದು. ಹೊಟ್ಟೆಗೆ ಔಷಧಿ ಹಚ್ಚುವವರೆಗೂ ಮೇಲೆ ಹೊದಿಕೆ ಇರಲಿ, ಎದೆ, ತೋಳುಗಳ ಮೇಲೆ ಒಂದು ಹೊದಿಕೆ ಕೊನೆಯವರೆಗೂ ಇರಲಿ ಎಂದು ಕೇಳಬಹುದು. ಮೈ ಮುಚ್ಚಿದ್ದರೆ ಲಜ್ಜೆಯೂ ಉಳಿಯುತ್ತದೆ, ಕಾವೂ ಉಳಿಯುತ್ತದೆ. ಒಂದೇ ಪದರದ ಒಣ ಹೊದಿಕೆ ಕೂಡ ಚರ್ಮದಿಂದ ಹೋಗುವ ಕಾವಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ತಡೆಯುತ್ತದೆ. ಇದನ್ನು ಕೇಳಿದರೆ ಯಾವ ಡಾಕ್ಟರರೂ ತಪ್ಪು ತಿಳಿಯುವುದಿಲ್ಲ.

ಡಾಕ್ಟರರು ಏನು ಮಾಡುತ್ತಾರೆ

ಹೆಚ್ಚಿನವರಲ್ಲಿ ನಡುಕ ಅಪಾಯಕಾರಿಯಲ್ಲ. ಹಾಗಂತ ಸುಮ್ಮನೆ ಬಿಡಬೇಕೆಂದೂ ಇಲ್ಲ. ಜೋರಾಗಿ ನಡುಗುವಾಗ ದೇಹಕ್ಕೆ ಬೇಕಾಗುವ ಆಮ್ಲಜನಕ ಎರಡು ಮೂರು ಪಟ್ಟು ಏರಬಹುದು. ಗಟ್ಟಿಮುಟ್ಟಾದ ಹೆಂಗಸು ಅದನ್ನು ತಾಳಿಕೊಳ್ಳುತ್ತಾಳೆ. ರಕ್ತ ತೀರಾ ಕಡಿಮೆ ಇರುವವಳು, ಚಿಕ್ಕಂದಿನಿಂದ ಹೃದಯದ ಕವಾಟದ ತೊಂದರೆ ಇರುವವಳು, ಉಬ್ಬಸದವಳು ತಾಳಿಕೊಳ್ಳುವುದು ಕಷ್ಟ. ಅಲ್ಲದೆ ಕೈ ಅದುರುತ್ತಿದ್ದರೆ ಬಿಪಿ ಪಟ್ಟಿ ಸರಿಯಾದ ಸಂಖ್ಯೆ ತೋರಿಸುವುದಿಲ್ಲ, ಬೆರಳಿಗೆ ಹಾಕಿದ ಆಮ್ಲಜನಕದ ಕ್ಲಿಪ್ಪೂ ತಪ್ಪು ಹೇಳುತ್ತದೆ. ಸೂಜಿಯ ನಂತರ ಬಿಪಿ ಬೀಳುವುದನ್ನು ಕ್ಷಣಕ್ಷಣಕ್ಕೂ ನೋಡುತ್ತಿರಬೇಕಾದ ಅರಿವಳಿಕೆ ಡಾಕ್ಟರರಿಗೆ ಇದು ನಿಜವಾದ ತಲೆನೋವು. ಆದ್ದರಿಂದ ಇಂಥ ಕಾಯಿಲೆ ಏನಾದರೂ ಇದ್ದರೆ, ಹಿಂದಿನ ಹೆರಿಗೆಯಲ್ಲಿ ಜೋರಾಗಿ ನಡುಗಿದ್ದರೆ, ಯಾವುದಾದರೂ ಔಷಧಿ ಆಗಿಬರದಿದ್ದರೆ ಸೂಜಿ ಕೊಡುವ ಮೊದಲೇ ಅವರಿಗೆ ಹೇಳಿ. ಹೆರಿಗೆ ಡಾಕ್ಟರರಿಗೆ ಹೇಳಿದ್ದೇವಲ್ಲ ಎಂದುಕೊಳ್ಳಬೇಡಿ. ಇವರು ಬೇರೆ, ಅವರು ಬೇರೆ.

ಅತ್ಯುತ್ತಮ ಚಿಕಿತ್ಸೆ ಎಂದರೆ ನಡುಕ ಬರುವ ಮೊದಲೇ ಬೆಚ್ಚಗಿಡುವುದು. ಡ್ರಿಪ್ ಬಾಟಲಿಯನ್ನು ದೇಹದ ಕಾವಿನಷ್ಟು ಬೆಚ್ಚಗೆ ಮಾಡಿ ಕೊಡುತ್ತಾರೆ. ದೊಡ್ಡ ಆಸ್ಪತ್ರೆಗಳಲ್ಲಿ ಬಿಸಿಗಾಳಿ ಊದುವ ಹೊದಿಕೆ ಇರುತ್ತದೆ. ಅದು ಇಲ್ಲದ ಕಡೆ ಒಣ ಕಂಬಳಿ, ಏಸಿ ತಗ್ಗಿಸುವುದು. ಮಗು ಹುಟ್ಟುವ ಕೋಣೆ 25ರಿಂದ 28 ಡಿಗ್ರಿ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಮಗುವಿಗಾಗಿ ಹೇಳಿದ್ದು, ತಾಯಿಗೂ ಅದರಿಂದ ಒಳ್ಳೆಯದೇ. “ಡಾಕ್ಟರ್ ಸಾಹೇಬರೇ, ಏಸಿ ಸ್ವಲ್ಪ ಕಡಿಮೆ ಮಾಡ್ರೀ” ಎಂದು ಮೇಜಿನ ಮೇಲಿರುವವಳೇ ಹೇಳಬಹುದು. ಸ್ಪೈನಲ್‌ನಲ್ಲಿ ಎಚ್ಚರವಾಗಿರುತ್ತಾಳೆ, ಬಾಯಿ ಇದೆ, ಹೇಳುವ ಹಕ್ಕೂ ಇದೆ.

ಬೆಚ್ಚಗಿಟ್ಟರೂ ನಿಲ್ಲದಿದ್ದರೆ ಔಷಧಿಗಳಿವೆ. ಟ್ರಮಡಾಲ್, ಪೆಥಿಡಿನ್, ಒಂಡಾನ್ಸೆಟ್ರಾನ್, ಡೆಕ್ಸ್‌ಮೆಡೆಟೊಮಿಡಿನ್ ಇವುಗಳಲ್ಲಿ ಒಂದನ್ನು ಸಣ್ಣ ಪ್ರಮಾಣದಲ್ಲಿ ಡ್ರಿಪ್ ನಳಿಕೆಯ ಮೂಲಕ ಕೊಡುತ್ತಾರೆ. ಕೆಲವು ನಿಮಿಷಗಳಲ್ಲಿ ನಡುಕ ತಗ್ಗುತ್ತದೆ. ಕೆಲವರಿಗೆ ವಾಂತಿ ಬಂದ ಹಾಗೆ ಆಗುತ್ತದೆ, ಕೆಲವರಿಗೆ ತೂಕಡಿಕೆ. ಯಾವುದು, ಎಷ್ಟು, ಮಗು ಹುಟ್ಟುವ ಮೊದಲೋ ಆಮೇಲೋ ಎಂಬುದು ಅರಿವಳಿಕೆ ಡಾಕ್ಟರರ ತೀರ್ಮಾನ. ಈ ಹೆಸರುಗಳನ್ನು ಓದಿಕೊಂಡು ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದು ಮನೆಯಲ್ಲಿ ಬಾಣಂತಿಗೆ ಕೊಡುವ ಕೆಲಸ ಮಾಡಬೇಡಿ. ಟ್ರಮಡಾಲ್ ಎದೆಹಾಲಿನಲ್ಲಿ ಮಗುವಿಗೆ ಹೋಗುತ್ತದೆ.

ಇಷ್ಟೆಲ್ಲ ಇದ್ದರೆ ಸ್ಪೈನಲ್ ಬೇಡ, ಪೂರ್ತಿ ಎಚ್ಚರ ತಪ್ಪಿಸಿ ಮಾಡಲಿ ಎನ್ನುವವರಿದ್ದಾರೆ. ಎಚ್ಚರ ತಪ್ಪಿಸಿದವರೂ ಎದ್ದ ಮೇಲೆ ನಡುಗುತ್ತಾರೆ. ಅದರ ಮೇಲೆ, ತುಂಬು ಗರ್ಭಿಣಿಗೆ ಗಂಟಲಲ್ಲಿ ನಳಿಕೆ ಹಾಕುವುದು ಕಷ್ಟದ ಕೆಲಸ, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. 1898ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಆಗಸ್ಟ್ ಬಿಯರ್ ಎಂಬ ಡಾಕ್ಟರ್ ಮೊದಲ ಬಾರಿಗೆ ಈ ರೀತಿ ಬೆನ್ನಿಗೆ ಔಷಧಿ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದರು. ಅಂದಿನಿಂದ ಔಷಧಿಯೂ ಸೂಜಿಯೂ ಬಹಳ ಸುಧಾರಿಸಿವೆ. ಸಿಸೇರಿಯನ್‌ಗೆ ಡಾಕ್ಟರರು ಸ್ಪೈನಲ್ ಆರಿಸಿದರೆ ಸಾಮಾನ್ಯವಾಗಿ ಅದು ತಾಯಿ, ಮಗು ಇಬ್ಬರಿಗೂ ಸುರಕ್ಷಿತವೆಂದೇ.

ಬಿಸಿನೀರಿನ ಬಾಟಲಿ ಬೇಡ

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮನೆಯ ಹಿರಿಯರಿಗೆ ಓದಿ ಹೇಳಿ.

ಬಾಣಂತಿ ನಡುಗುವುದನ್ನು ನೋಡಿದ ತಾಯಿಗೋ ಅತ್ತೆಗೋ ಸುಮ್ಮನೆ ನಿಲ್ಲಲು ಆಗುವುದಿಲ್ಲ. ಪಾದ ಮುಟ್ಟಿ ನೋಡುತ್ತಾರೆ. ಕ್ಯಾಂಟೀನಿನಿಂದ ಬಿಸಿನೀರು ತಂದು ಬಾಟಲಿಯಲ್ಲಿ ತುಂಬಿ, ಬಟ್ಟೆ ಸುತ್ತಿ ಕಾಲಿನ ಬಳಿ ಇಡುತ್ತಾರೆ. ಕೆಲವರು ಮನೆಯಿಂದಲೇ ರಬ್ಬರ್ ಚೀಲ ತಂದಿರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಆ ಕಾಲಿಗೆ ಸೂಜಿಯ ಪ್ರಭಾವ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಚರ್ಮ ಸುಟ್ಟರೂ ಅವಳಿಗೆ ಗೊತ್ತಾಗುವುದಿಲ್ಲ, ಕಾಲು ಎಳೆದುಕೊಳ್ಳಲೂ ಬರುವುದಿಲ್ಲ. ನಿಮ್ಮ ಅಂಗೈಗೆ ಹಿತವಾಗುವ ಬಿಸಿಯೂ ಒಂದೇ ಜಾಗದಲ್ಲಿ ಅರ್ಧ ಗಂಟೆ ಒತ್ತಿದರೆ ಬೊಬ್ಬೆ ಏಳಿಸುತ್ತದೆ. ಸೂಜಿಯ ಪ್ರಭಾವ ಇಳಿದ ಮೇಲೆ ಹಿಮ್ಮಡಿಯ ಉರಿ ಶುರುವಾಗುತ್ತದೆ. ಹೊಟ್ಟೆಯ ಹೊಲಿಗೆ ಒಂದು ವಾರದಲ್ಲಿ ಕೂಡಿಕೊಂಡರೂ ಈ ಸುಟ್ಟ ಗಾಯ ವಾರಗಟ್ಟಲೆ ಕಾಡುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಹೇಳುವುದೇ ಬೇಡ. ಬಿಸಿ ಇಟ್ಟಿಗೆ, ಬಿಸಿ ಮಾಡಿದ ಬಟ್ಟೆಯ ಗಂಟು, ವಿದ್ಯುತ್ ಹೀಟಿಂಗ್ ಪ್ಯಾಡ್ ಎಲ್ಲಕ್ಕೂ ಇದೇ ಮಾತು. ಕಾಲಿಗೆ ಒಣ ಕಂಬಳಿ, ಕಾಲುಚೀಲ ಸಾಕು. ಎದೆ, ಭುಜ, ತಲೆ ಮುಚ್ಚಿ. ಹೆಚ್ಚು ಕಂಬಳಿ ಬೇಕಿದ್ದರೆ ಸಿಸ್ಟರನ್ನು ಕೇಳಿ.

ನಡುಗುತ್ತಿರುವಾಗ ಬಿಸಿ ಚಹಾ, ಹರೀರಾ ಕುಡಿಸಲು ಹೋಗುವುದೂ ಸರಿಯಲ್ಲ. ಔಷಧಿಯ ತೂಕಡಿಕೆಯಲ್ಲಿ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಹೋಗಬಹುದು. ಯಾವಾಗ ಗುಟುಕು ನೀರು, ಯಾವಾಗ ಚಹಾ ಎಂದು ವಾರ್ಡಿನ ಸಿಸ್ಟರ್ ಹೇಳುತ್ತಾರೆ. ಹರೀರಾ ಮರುದಿನವೂ ಅಷ್ಟೇ ರುಚಿಯಾಗಿರುತ್ತದೆ.

ಮಗುವಿನ ಮಾತು ಬಂದರೆ, ತಾಯಿ ನಡುಗುತ್ತಿದ್ದಾಳೆ ಎಂದು ಮಗುವನ್ನು ದೂರ ಇಡಬೇಕಿಲ್ಲ. ಒರೆಸಿ, ಟೋಪಿ ಹಾಕಿದ ಮಗುವನ್ನು ಅವಳ ಬರಿ ಎದೆಯ ಮೇಲೆ ಮಲಗಿಸಿ, ಇಬ್ಬರ ಮೇಲೂ ಹೊದಿಸಿ. ಅವಳ ಕೈ ಅದುರುತ್ತಿದ್ದರೆ ಒಬ್ಬರು ಪಕ್ಕದಲ್ಲಿ ನಿಂತು ಮಗುವನ್ನು ಹಿಡಿದಿರಬೇಕು. ಅಜಾನ್ ಹೇಳಲು ಮಗುವನ್ನು ಬಟ್ಟೆ ಬಿಚ್ಚಿ ಗಾಳಿಯ ಓಣಿಗೆ ಒಯ್ಯಬೇಡಿ, ಸುತ್ತಿದ ಬಟ್ಟೆಯಲ್ಲೇ ಕಿವಿಯ ಬಳಿ ಹೇಳಬಹುದು. ಮೊದಲ ಸ್ನಾನವನ್ನು 24 ಗಂಟೆಯವರೆಗೆ ಮುಂದೂಡಿ. ಇದೂ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇ.

ಬೇರೆ ಬಗೆಯ ನಡುಕ

ಇಷ್ಟು ಹೊತ್ತು ಹೇಳಿದ ನಡುಕಕ್ಕೆ ಒಂದು ಗುರುತಿದೆ. ಸೂಜಿಯ ನಂತರ ಕೆಲವು ನಿಮಿಷಗಳಲ್ಲೋ ಮಗು ಹುಟ್ಟಿದ ಮೇಲೋ ಶುರುವಾಗುತ್ತದೆ. ಹೆಚ್ಚಾಗಿ ಸೊಂಟದ ಮೇಲೆಯೇ ಇರುತ್ತದೆ. ಅವಳಿಗೆ ಎಚ್ಚರವಿರುತ್ತದೆ, ಹೆಸರು ಕರೆದರೆ ಉತ್ತರ ಕೊಡುತ್ತಾಳೆ, ನಡುಗುವ ದನಿಯಲ್ಲೇ ಮಗು ಹೇಗಿದೆ ಎಂದು ಕೇಳುತ್ತಾಳೆ. ಜ್ವರ ಇರುವುದಿಲ್ಲ. ಮೈ ಬೆಚ್ಚಗಾಗಿ ಕಾಲಿಗೆ ಅರಿವು ಮರಳುವ ಹೊತ್ತಿಗೆ ನಿಂತಿರುತ್ತದೆ.

ಕರೆದರೆ ಮಾತಾಡದೆ, ಕಣ್ಣು ಮೇಲೆ ಹೋಗಿ, ಕೈಕಾಲು ಸೆಟೆದರೆ ಅದು ನಡುಕವಲ್ಲ, ಫಿಟ್ಸ್. ಬಸುರಿನಲ್ಲಿ ಬಿಪಿ ಏರಿದ್ದವರಿಗೆ ಹೆರಿಗೆಯಾದ ಮೇಲೂ ಅದು ಬರಬಹುದು. ಕೂಗಿ ಕರೆಯಿರಿ. ರಕ್ತ ಹಾಕುತ್ತಿರುವಾಗಲೋ ಡ್ರಿಪ್ ಹೋಗುತ್ತಿರುವಾಗಲೋ ಚಳಿಯ ಜೊತೆ ಜ್ವರ, ಮೈಯಲ್ಲಿ ದದ್ದು, ಉಸಿರು ಕಟ್ಟುವುದು, ಸೊಂಟದಲ್ಲಿ ನೋವು ಬಂದರೆ ಆಗಲೇ ಸಿಸ್ಟರಿಗೆ ಹೇಳಿ, ಅವರು ಅದನ್ನು ನಿಲ್ಲಿಸುತ್ತಾರೆ. ನಡುಕದ ಜೊತೆ ಹಾಸಿಗೆ ತೊಯ್ಯುವಷ್ಟು ರಕ್ತ ಹೋಗುತ್ತಿದ್ದರೆ, ಮುಖ ಬಿಳುಚಿ ತಣ್ಣನೆಯ ಬೆವರು ಬಂದರೆ ಒಂದು ನಿಮಿಷವೂ ಕಾಯಬೇಡಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವದ ಮೇಲೆ ಸಂಶಯ ಬಂದು, ಒಂದು ಕಂಪನಿಯ ಆ ದ್ರವದ ಬಳಕೆಯನ್ನು ಸರ್ಕಾರ ನಿಲ್ಲಿಸಿತು. ಆ ಸುದ್ದಿ ಓದಿದವರು ಡ್ರಿಪ್ ನೋಡಿದರೇ ಹೆದರುವುದು ಅರ್ಥವಾಗುವಂಥದ್ದು. ಡ್ರಿಪ್ ಬೇಡವೆನ್ನುವುದು ಅದಕ್ಕೆ ಪರಿಹಾರವಲ್ಲ, ಸಿಸೇರಿಯನ್‌ನಲ್ಲಿ ಅದಿಲ್ಲದೆ ನಡೆಯುವುದಿಲ್ಲ. ಹೆರಿಗೆಯಾದ ಮೇಲೆ ಮೂತ್ರದ ಚೀಲದಲ್ಲಿ ಮೂತ್ರ ಬರುತ್ತಿದೆಯೇ, ಜ್ವರ ಇದೆಯೇ ಎಂದು ಮನೆಯವರು ಗಮನಿಸುತ್ತಿರಬೇಕು, ಕಡಿಮೆ ಕಂಡರೆ ಕೇಳಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೋಸ ಮಾಡುವುದು ಮನೆಗೆ ಬಂದ ಮೇಲಿನ ಚಳಿ. ಮೂರನೇ ದಿನವೋ ಛಟ್ಟಿಯ ಹೊತ್ತಿಗೋ ಬಾಣಂತಿಗೆ ಮತ್ತೆ ನಡುಕ ಬರುತ್ತದೆ. “ಆಪರೇಷನ್ ದಿನಾನೂ ಹಿಂಗೇ ನಡುಗಿದ್ಳು, ಏನೂ ಆಗ್ಲಿಲ್ಲ” ಎಂದು ಮನೆಯವರು ರಜಾಯಿ ಹೊದಿಸುತ್ತಾರೆ, ಕಿಟಕಿ ಮುಚ್ಚುತ್ತಾರೆ, ಹೊರಸಿನ ಕೆಳಗೆ ಕೆಂಡದ ಸಿಗಡಿ ಇಡುತ್ತಾರೆ, ಲೋಬಾನ್ ಹಾಕುತ್ತಾರೆ. ಎರಡೂ ನಡುಕ ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಕಾರಣ ತದ್ವಿರುದ್ಧ. ಅಂದು ಮೈಯ ಕಾವು ಇಳಿದಿತ್ತು. ಇಂದು ಮೈಯಲ್ಲಿ ಸೋಂಕು ಸೇರಿ ಕಾವು ಏರುತ್ತಿದೆ. ಗರ್ಭಕೋಶದಲ್ಲಿ, ಹೊಲಿಗೆಯಲ್ಲಿ, ಮೂತ್ರದಲ್ಲಿ, ಮೊಲೆಯಲ್ಲಿ, ಎಲ್ಲಿಯಾದರೂ ಇರಬಹುದು. ಕೆಳಗೆ ಹೋಗುವ ರಕ್ತ ದುರ್ವಾಸನೆ ಬರುತ್ತದೆಯೇ, ಹೊಲಿಗೆ ಕೆಂಪಾಗಿ ಕೀವು ಬಂದಿದೆಯೇ, ಹೊಟ್ಟೆ ಮುಟ್ಟಿದರೆ ನೋಯುತ್ತದೆಯೇ, ಒಂದು ಮೊಲೆ ಕಲ್ಲಿನಂತೆ ಬಿಸಿಯಾಗಿದೆಯೇ, ಉಸಿರು ಜೋರಾಗಿದೆಯೇ, ಮಾತು ತಪ್ಪುತ್ತಿದೆಯೇ ನೋಡಿ. ಇದು ರಕ್ತಕ್ಕೆ ಏರಿದರೆ ದಿನಗಳಲ್ಲ, ಗಂಟೆಗಳಲ್ಲಿ ಜೀವಕ್ಕೆ ಬರುತ್ತದೆ. ಬಾಣಂತಿಯರ ಸಾವಿನ ಮುಖ್ಯ ಕಾರಣಗಳಲ್ಲಿ ಈ ಸೋಂಕೂ ಒಂದು.

ಕೆಂಡದ ಸಿಗಡಿಯ ಬಗ್ಗೆ ಇನ್ನೊಂದು ಮಾತು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿ ನಿದ್ದೆ ಬಂದಂತೆ ಆಗಿ ತಾಯಿ, ಮಗು ಇಬ್ಬರೂ ಏಳದೇ ಹೋಗಬಹುದು. ಚಿಲ್ಲಾದ 40 ದಿನವೂ ಕೋಣೆಗೆ ಗಾಳಿ ಬೇಕು. ಬೆಚ್ಚಗಿರಲು ಬಟ್ಟೆ ಇದೆ.

ಹಾಗಾದರೆ ಮನೆಯಲ್ಲಿ ಚಳಿ ಬಂದರೆ ಮೊದಲು ಮಾಡಬೇಕಾದದ್ದು ಥರ್ಮಾಮೀಟರ್ ಇಡುವುದು. ಅಂಗೈ ಇಟ್ಟು ಹಣೆ ನೋಡುವುದರಿಂದ ಗೊತ್ತಾಗುವುದಿಲ್ಲ, ಚಳಿ ಹತ್ತುವಾಗ ಚರ್ಮ ತಣ್ಣಗೇ ಇರುತ್ತದೆ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಧ್ಯರಾತ್ರಿಯಾದರೂ 108ಕ್ಕೆ ಕರೆ ಮಾಡಿ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಯಿತೆಂದು ಮಲಗಬೇಡಿ, ಇಳಿದದ್ದು ಸಂಖ್ಯೆ ಮಾತ್ರ. ಹಣದ ಯೋಚನೆ ಕೆಲವರನ್ನು ಹಿಡಿದು ನಿಲ್ಲಿಸುತ್ತದೆ. 2011ರಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ, ಗಾಡಿ ಎಲ್ಲ ಉಚಿತ. ಆಪರೇಷನ್ ದಿನಕ್ಕೆ ಮಾತ್ರವಲ್ಲ, ಹೆರಿಗೆಯ ನಂತರ 42 ದಿನದವರೆಗೆ ಬರುವ ತೊಂದರೆಗೂ ಅದು ಅನ್ವಯಿಸುತ್ತದೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ಇದು ಗೊತ್ತಿರುತ್ತದೆ, ಅವರ ನಂಬರ್ ಫೋನಿನಲ್ಲಿ ಇರಲಿ.

ನಮ್ಮ ಕಡೆ ಒಂದು ಹೆಚ್ಚಿನ ತೊಡಕಿದೆ. ಹೆರಿಗೆ ಬೀದರಿನಲ್ಲಿ ಆದರೂ ಬಾಣಂತನ ತವರಿನಲ್ಲಿ. ಆ ತವರು ಎಷ್ಟೋ ಸಲ ಗಡಿಯಾಚೆ, ಉದಗೀರ್, ದೇಗಲೂರು, ನಾರಾಯಣಖೇಡ್, ಜಹೀರಾಬಾದ್ ಕಡೆ. ಐದನೇ ದಿನ ಅಲ್ಲಿ ಜ್ವರ ಬಂದರೆ ಅಲ್ಲಿನ ಡಾಕ್ಟರರಿಗೆ ಏನು ಆಪರೇಷನ್, ಯಾವ ಔಷಧಿ ಕೊಟ್ಟಿದ್ದರು ಎಂದು ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಕಾಗದದ ಫೋಟೋ ತೆಗೆದು ಗಂಡ, ತಾಯಿ, ಅಣ್ಣ ಮೂವರ ಫೋನಿನಲ್ಲೂ ಇಟ್ಟುಕೊಳ್ಳಿ, ಮೂಲ ಕಾಗದ ತಾಯಿ ಕಾರ್ಡಿನೊಳಗೆ ಇರಲಿ. ಆಪರೇಷನ್ ವೇಳೆ ಜೋರಾಗಿ ನಡುಗಿದ್ದರೆ, ಅದಕ್ಕೆ ಔಷಧಿ ಕೊಟ್ಟಿದ್ದರೆ ಅದನ್ನೂ ಆ ಕಾಗದದಲ್ಲಿ ಬರೆಯಲು ಕೇಳಿ. ಮುಂದಿನ ಬಾರಿ ಸೂಜಿ ಕೊಡುವವರಿಗೆ ಆ ಒಂದು ಸಾಲು ಬೇಕಾಗುತ್ತದೆ.